ನಮ್ಮ 14 ಕಿತ್ತಳೆ ಮರಗಳು ಬದುಕಿರುವಾಗಲೇ ಒಮ್ಮೆ ಬನ್ನಿ

ತೋಟಗಾರಿಕೆಯ ಹೊಣೆ ಹೊತ್ತ ಅಧಿಕಾರಿಗಳಿಗೆ, ಹಣ್ಣಿನ ಬೆಳೆಗಳ ವಿಜ್ಞಾನಿಗಳಿಗೆ, ಜೊತೆಗೆ ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲೂರು ಕಡೆಯ ಎಲ್ಲ ತೋಟದವರಿಗೆ,

ನಮಸ್ಕಾರ.

ನಾನು ಮೂಡಿಗೆರೆ ತಾಲೂಕಿನ ಗೋಣಿಬೀಡು ಕಡೆಯವಳು. ನಮ್ಮದು ಸಣ್ಣ ಕಾಫಿ ತೋಟ. ಆದರೆ ಯಾರಾದರೂ ನಮ್ಮ ಮನೆಗೆ ದಾರಿ ಕೇಳಿದರೆ ಊರಿನ ವಯಸ್ಸಾದವರು ಇವತ್ತಿಗೂ "ಕಿತ್ತಳೆ ತೋಟದೋರ ಮನೆಗಾ?" ಅಂತಲೇ ತಿರುಗಿ ಕೇಳುತ್ತಾರೆ. ಅಜ್ಜನ ಕಾಲದಲ್ಲಿ ನಮ್ಮಲ್ಲಿ 600ಕ್ಕೂ ಜಾಸ್ತಿ ಕಿತ್ತಳೆ ಮರ ಇದ್ದವು. ಹೋದ ವರ್ಷ 17 ಇದ್ದವು. ಈಗ 14.

ಆ 14 ಮರಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಪರಿಹಾರ ಕೇಳುತ್ತಿಲ್ಲ, ಸಬ್ಸಿಡಿಯೂ ಬೇಡ. ಮರಗಳು ಪೂರ್ತಿ ಹೋಗುವ ಮೊದಲು ಒಂದು ಸಲ ಬಂದು ನೋಡಿ, ಬೀಜ ತೆಗೆದುಕೊಳ್ಳಿ, ಕುಡಿ ತೆಗೆದುಕೊಳ್ಳಿ, ಎಲೆ ಪರೀಕ್ಷೆ ಮಾಡಿ, ಇವುಗಳಿಂದಲೇ ರೋಗವಿಲ್ಲದ ಸಸಿ ಮಾಡಿ ಈ ಭಾಗದ ತೋಟಗಳಿಗೆ ವಾಪಸ್ ಕೊಡಿ ಅನ್ನುವುದಷ್ಟೇ ನನ್ನ ಬೇಡಿಕೆ. ಯಾಕೆ ಇಷ್ಟು ಹಟ ಅಂತ ಹೇಳಬೇಕಾದರೆ ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮುತ್ತಜ್ಜನಿಗೆ ಕೊಡಗಿನ ಸೋಮವಾರಪೇಟೆ ಕಡೆ ನೆಂಟರಿದ್ದರು. ಅಲ್ಲಿ ಒಂದು ಮದುವೆಗೆ ಹೋದವರು ಕಾಫಿ ಗಿಡಗಳ ನಡುವೆ ಕಿತ್ತಳೆ ತೂಗುತ್ತಿದ್ದುದನ್ನು ನೋಡಿ, ಬರುವಾಗ ಬೀಜ ತಂದರಂತೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿಕೊಂಡು, ಶನಿವಾರಸಂತೆ, ಕೊಡ್ಲಿಪೇಟೆ, ಸಕಲೇಶಪುರ ದಾಟಿ ಎತ್ತಿನ ಗಾಡಿಯಲ್ಲಿ ಬಂದರಂತೆ. ಕಿತ್ತಳೆ ಬೀಜ ರಾಗಿ, ಭತ್ತದ ಹಾಗಲ್ಲ. ಒಣಗಿಸಿ ವರ್ಷಗಟ್ಟಲೆ ಇಡುವುದಕ್ಕೆ ಆಗುವುದಿಲ್ಲ, ಒಣಗಿದಷ್ಟೂ ಮೊಳೆಯುವ ಶಕ್ತಿ ಹೋಗುತ್ತದೆ. ಒದ್ದೆ ಬಟ್ಟೆಯ ಉಪಾಯ ಅವರಿಗೆ ಹೇಳಿಕೊಟ್ಟವರು ಯಾರೋ, ಅವರಿಂದ ನಮ್ಮ ಮನೆ ನಿಂತಿತು.

ಬೀಜದಿಂದ ಬೆಳೆಸಿದ ಕಿತ್ತಳೆ ಫಸಲಿಗೆ ಬರಲು ಏಳೆಂಟು ವರ್ಷ ಬೇಕು. ಅಷ್ಟೂ ವರ್ಷ ಮುತ್ತಜ್ಜ ಕಾದರು. ಹಾಲವಾಣದ ನೆರಳನ್ನು ಪ್ರತಿ ವರ್ಷ ಕಡಿದು ತಿಳಿ ಮಾಡುತ್ತಿದ್ದರು, ಕಿತ್ತಳೆಗೆ ಕಾಫಿಗಿಂತ ಜಾಸ್ತಿ ಬಿಸಿಲು ಬೇಕು. ಮರದ ಬುಡದಲ್ಲಿ ಯಾರೂ ಆಳವಾಗಿ ಅಗೆಯುವ ಹಾಗಿರಲಿಲ್ಲ. ಅಗೆದವರಿಗೆ ಬೈಗುಳ ಬೀಳುತ್ತಿತ್ತು. ಕಿತ್ತಳೆಯ ಊಟದ ಬೇರು ಮೇಲೆಯೇ ಹರಡಿರುತ್ತದೆ, ಗುದ್ದಲಿ ತಾಗಿದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಈಗ ಪುಸ್ತಕದಲ್ಲಿ ಇದನ್ನು ಓದಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ, ನಾನು ಅವರನ್ನು ನೋಡಿದವಳಲ್ಲದಿದ್ದರೂ.

ತೋಟ ತುಂಬಿ ನಿಂತದ್ದು ಅಜ್ಜನ ಕಾಲದಲ್ಲಿ. ಆಗ ಕಿತ್ತಳೆಗೆ ಯಾಕೆ ಅಷ್ಟು ಬೆಲೆ ಇತ್ತು ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಹಣ್ಣಿನ ದರ ಭಾರಿ ಇತ್ತು ಅಂತಲ್ಲ. ಆ ಕಾಲದಲ್ಲಿ ಕಾಫಿಯನ್ನು ಬೆಳೆದವರೇ ಮಾರುವ ಹಾಗಿರಲಿಲ್ಲ, ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಈ ವರ್ಷ ಕೊಯ್ದ ಕಾಫಿಯ ಪೂರ್ತಿ ಹಣ ಕೈಸೇರಲು ಬಹಳ ದಿನ ಕಾಯಬೇಕಿತ್ತು. ಆದರೆ ಕೊಯ್ಲಿನ ಆಳುಗಳಿಗೆ ವಾರ ವಾರ ಬಟವಾಡೆ ಆಗಲೇಬೇಕಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ಕಿತ್ತಳೆಯ ದೊಡ್ಡ ಫಸಲೂ ಅದೇ ಸಮಯಕ್ಕೆ ಬರುತ್ತದೆ. ಕಿತ್ತಳೆ ದುಡ್ಡಲ್ಲಿ ಕಾಫಿ ಕೊಯ್ಲಿನ ಬಟವಾಡೆ ನಡೆಯುತ್ತಿತ್ತು. ಸಾಲ ಮಾಡದೆ ತೋಟ ನಡೆಸಿದವರು ಅಂತ ನಮ್ಮ ಅಜ್ಜನಿಗೆ ಊರಲ್ಲಿ ಒಳ್ಳೆ ಹೆಸರಿತ್ತು. ಆ ಹೆಸರಿನ ಹಿಂದೆ ಇದ್ದದ್ದು ಈ ಮರಗಳು.

ಕಾಯಿ ಇನ್ನೂ ಹಸಿರಾಗಿ ಗೋಲಿ ಗಾತ್ರ ಇರುವಾಗಲೇ ಸಾಬರು ಬಂದು ಮರ ಮರ ಸುತ್ತಿ ನೋಡಿ ಚೇಣಿ (ಮರದ ಮೇಲಿನ ಫಸಲಿನ ಗುತ್ತಿಗೆ) ಮಾತಾಡಿ ಮುಂಗಡ ಕೊಟ್ಟು ಹೋಗುತ್ತಿದ್ದರು. ಮಂಗಳೂರಿನ ಒಬ್ಬ ವ್ಯಾಪಾರಿ 20 ವರ್ಷಕ್ಕೂ ಹೆಚ್ಚು ಕಾಲ ಬಂದರು. ಅವರು ಬಂದರೆ ಅಜ್ಜಿ ಕೋಣೆಯಿಂದ ಲೆಕ್ಕದ ಪುಸ್ತಕ ತರುತ್ತಿದ್ದರು. ಲೆಕ್ಕ ತೂಕದಲ್ಲಿ ಇರಲಿಲ್ಲ, ನೂರರಲ್ಲಿ ಇತ್ತು, ನೂರಕ್ಕೆ ಐದು ಹಣ್ಣು ಕೊಸರು. ಬಿದಿರು ಬುಟ್ಟಿಗೆ ಭತ್ತದ ಹುಲ್ಲು ಹಾಸಿ, ಒಂದು ಸುತ್ತು ಹಣ್ಣು, ಮತ್ತೆ ಹುಲ್ಲು, ಹೀಗೆ ತುಂಬಿ ಬಾಯಿ ಹೊಲಿದು ಲಾರಿಗೆ ಏರಿಸಿದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಬೆಳಗಾಗುವುದರೊಳಗೆ ಮಂಗಳೂರು. ನಾನು ಚಿಕ್ಕವಳಿದ್ದಾಗ ಆ ಲಾರಿ ಹಿಂದೆ ಗದ್ದೆ ಬಯಲಿನವರೆಗೂ ಓಡುತ್ತಿದ್ದೆ. ಹುಲ್ಲು ಮತ್ತು ಕಿತ್ತಳೆ ಸಿಪ್ಪೆ ಎರಡೂ ಸೇರಿದ ಒಂದು ವಾಸನೆ ಇದೆ, ಅದನ್ನು ಇಲ್ಲಿ ಬರೆಯುವುದಕ್ಕೆ ನನಗೆ ಬರುವುದಿಲ್ಲ, ಕಿತ್ತಳೆ ತುಂಬಿದ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ.

ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ದುಡ್ಡಲ್ಲಿ ತಮ್ಮೂರಿನ ಮಕ್ಕಳಿಗೆ ಶಾಲೆ ಮಾಡಿಸಿದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆ ಆದಾಗ ನಮ್ಮ ಅಮ್ಮ ಟಿವಿ ಮುಂದೆ ಕೂತು ಕಣ್ಣೊರೆಸಿಕೊಂಡರು. "ನೋಡು, ನಿಮ್ಮ ಹೆಂಚಿನ ಮನೆ ಎದ್ದಿದ್ದೂ ಕಿತ್ತಳೆಯಿಂದಲೇ, ನಿಮ್ಮತ್ತೆ ಮದುವೆ ಆಗಿದ್ದೂ ಕಿತ್ತಳೆಯಿಂದಲೇ" ಅಂದರು. ನಿಜ. ಮನೆಯ ಹೆಂಚಿಗೆ, ಅತ್ತೆಯ ಮದುವೆಗೆ, ಚಿಕ್ಕಪ್ಪನ ಹಾಸ್ಟೆಲ್ ಫೀಸಿಗೆ ಎಲ್ಲದಕ್ಕೂ ಆ ಲೆಕ್ಕದ ಪುಸ್ತಕದಲ್ಲಿ ಕಿತ್ತಳೆಯ ಪುಟವೇ ಇದೆ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಜಾಸ್ತಿ ಇರುವುದು ಇಲ್ಲೇ.

ತೋಟ ಅಜ್ಜನ ಹೆಸರಲ್ಲಿತ್ತು, ಸಸಿಮಡಿ ಅಜ್ಜಿಯದು. ಯಾವ ಮರದ ಬೀಜ ಇಡಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಅವರೇ. ಒಂದು ವರ್ಷ ಜಾಸ್ತಿ ಬಿಟ್ಟ ಮರವನ್ನು ಅವರು ಆರಿಸುತ್ತಿರಲಿಲ್ಲ, ಮೂರು ನಾಲ್ಕು ವರ್ಷ ನೋಡುತ್ತಿದ್ದರು. ಮಳೆಗಾಲದಲ್ಲಿ ಎಲೆ ಉದುರಿಸದ ಮರ, ಹಣ್ಣು ಕೊಯ್ದು ಎರಡು ಮೂರು ವಾರ ಇಟ್ಟರೂ ಸೊರಗದ ಮರ, ಹುಳಿ ಸಿಹಿ ಎರಡೂ ಸರಿ ಇರುವ ಮರ. ಆ ಮರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಿಡುತ್ತಿದ್ದರು. ಅದರ ಹಣ್ಣನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಬೀಜ ತೆಗೆದು, ತೊಳೆದು, ಬೂದಿಯಲ್ಲಿ ಹೊರಳಿಸಿ, ಜಗುಲಿಯ ನೆರಳಲ್ಲಿ ಒಂದು ದಿನ ಆರಿಸಿ ಬಿತ್ತುತ್ತಿದ್ದರು.

ಒಂದು ಕಿತ್ತಳೆ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ. ಯಾರು ಬೇಕಾದರೂ ಮನೆಯಲ್ಲಿ ಬಿತ್ತಿ ನೋಡಬಹುದು. ಸಸಿ ಗೇಣುದ್ದ ಆದ ಮೇಲೆ ಅಜ್ಜಿ ಸಸಿಮಡಿಯ ಪಕ್ಕ ಕೂತು ಒಂದೊಂದನ್ನೇ ನೋಡುತ್ತಿದ್ದರು. ಒಂದೇ ಎತ್ತರ, ಒಂದೇ ಬಣ್ಣ, ಒಂದೇ ತರದ ಎಲೆ ಇದ್ದವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಕುಳ್ಳಗಿದ್ದದ್ದು, ಎಲೆ ಬೇರೆ ತರ ಇದ್ದದ್ದು, ಎಲ್ಲವನ್ನೂ ಮೀರಿ ಬೆಳೆದದ್ದು, ಮೂರನ್ನೂ ಕಿತ್ತುಹಾಕುತ್ತಿದ್ದರು. ಚೆನ್ನಾಗಿ ಎತ್ತರ ಬಂದಿದ್ದನ್ನು ಯಾಕೆ ಕೀಳ್ತೀರಿ ಅಂತ ಕೇಳಿದರೆ "ಅದು ತಾಯಿ ಹಾಗಿಲ್ಲ ಮಗಾ, ಬೇರೆ ಕುಲ" ಅನ್ನುತ್ತಿದ್ದರು.

ನಾನು ದೊಡ್ಡವಳಾಗಿ, ಮಂಗಳೂರಿನಲ್ಲಿ ಓದಿ, ಕೆಲಸ ಮಾಡಿ, ಅಪ್ಪನಿಗೆ ಹುಷಾರಿಲ್ಲದೆ ತೋಟಕ್ಕೆ ವಾಪಸ್ ಬಂದು, ಕಿತ್ತಳೆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದ ಮೇಲೆ ಅಜ್ಜಿಯ ಮಾತು ಅರ್ಥವಾಯಿತು. ಕಿತ್ತಳೆ ಬೀಜದಲ್ಲಿ ಹೆಚ್ಚಿನ ಮೊಳಕೆಗಳು ಪರಾಗ ಸೇರಿ ಹುಟ್ಟಿದವಲ್ಲ, ತಾಯಿಯ ಅಂಗಾಂಶದಿಂದಲೇ ನೇರ ಹುಟ್ಟಿದವು. ಅಂದರೆ ತಾಯಿ ಮರದ ಅಚ್ಚು. ಪರಾಗ ಸೇರಿ ಹುಟ್ಟಿದ ಒಂದೊಂದು ಮಾತ್ರ ಬೇರೆ ಇರುತ್ತದೆ, ಅದು ಸಾಮಾನ್ಯವಾಗಿ ನೋಡುವುದಕ್ಕೂ ಉಳಿದವುಗಳಿಂದ ಬೇರೆ ಕಾಣುತ್ತದೆ. ನರ್ಸರಿಯಲ್ಲಿ ಒಂದೇ ಸಮ ಇರುವ ಸಸಿ ಇಟ್ಟುಕೊಂಡು ಬೇರೆಯದನ್ನು ತೆಗೆಯಿರಿ ಅಂತಲೇ ವಿಜ್ಞಾನಿಗಳೂ ಹೇಳುತ್ತಾರೆ. ಓದು ಬಾರದ ನಮ್ಮ ಅಜ್ಜಿ ಅದನ್ನು ಕಣ್ಣಳತೆಯಲ್ಲಿ ಮಾಡುತ್ತಿದ್ದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಈಗ ಉಳಿದಿರುವ 14 ಮರಗಳು ಅಜ್ಜಿಯ ಕೈಯ ಆಯ್ಕೆ. ಮೂರು ನಾಲ್ಕು ವರ್ಷ ನೋಡಿ ಆರಿಸಿದ ತಾಯಿ, ಅದರ ಅಚ್ಚಾದ ಸಸಿ, ಮತ್ತೆ ಅದರೊಳಗಿಂದ ಆಯ್ಕೆ. ಸೋಮವಾರಪೇಟೆಯಿಂದ ಬಂದ ಬೀಜ ನಮ್ಮ ಮಣ್ಣು, ನಮ್ಮ ಮಳೆ, ನಮ್ಮ ಚಳಿಯಲ್ಲಿ ಸೋಸಿ ಸೋಸಿ ಉಳಿದದ್ದು. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಅಲ್ವಾ?

ಹಾಗಾದರೆ 600 ಮರ ಹೇಗೆ ಹೋದವು?

ಒಂದೇ ಸಲಕ್ಕೆ ಹೋಗಲಿಲ್ಲ. ಅಜ್ಜನ ಕೊನೆಗಾಲದಲ್ಲೇ ಅಲ್ಲೊಂದು ಇಲ್ಲೊಂದು ಮರದ ತುದಿ ಒಣಗಲು ಶುರುವಾಗಿತ್ತು. ಎಲೆ ಹಳದಿ ಆಗುವುದು, ಕೊಂಬೆ ತುದಿಯಿಂದ ಒಣಗುವುದು, ಕಾಯಿ ಸಣ್ಣಗಾಗಿ ಒಂದು ಕಡೆ ವಾಲಿಕೊಳ್ಳುವುದು, ಹಣ್ಣಾದರೂ ಕೆಳಗಿನ ಅರ್ಧ ಹಸಿರಾಗಿಯೇ ಉಳಿಯುವುದು, ತಿಂದರೆ ಕಹಿ. ಗೊಬ್ಬರ ಸಾಲದು ಅಂದುಕೊಂಡು ಕೊಟ್ಟಿಗೆ ಗೊಬ್ಬರ ಸುರಿದರು. ಸತು ಕಡಿಮೆ ಅಂತ ಯಾರೋ ಹೇಳಿದರು, ಅದನ್ನೂ ಸಿಂಪಡಿಸಿದರು. ಸತುವಿನ ಕೊರತೆಗೂ ಎಲೆ ಹಳದಿ ಆಗುತ್ತದೆ, ನಿಜ. ಆದರೆ ಆಗ ಎಲೆಯ ನಡುದಿಂಡಿನ ಎರಡೂ ಕಡೆ ಒಂದೇ ತರ ಇರುತ್ತದೆ. ನಮ್ಮ ಮರಗಳಲ್ಲಿ ಒಂದು ಕಡೆ ಒಂದು ತರ, ಇನ್ನೊಂದು ಕಡೆ ಇನ್ನೊಂದು ತರ ಮಚ್ಚೆ ಇರುತ್ತಿತ್ತು. ಅದು ಗ್ರೀನಿಂಗ್ ರೋಗದ ಗುರುತು ಅಂತ ನಮಗೆ ತಿಳಿಯುವ ಹೊತ್ತಿಗೆ ಅರ್ಧ ತೋಟ ಹೋಗಿತ್ತು.

ಈ ರೋಗದ ಬ್ಯಾಕ್ಟೀರಿಯಾ ಮರದ ಆಹಾರ ಸಾಗುವ ನಾಳದೊಳಗೆ ಕೂರುತ್ತದೆ. ಸಿಲ್ಲಿಡ್ ಅನ್ನುವ ಸಣ್ಣ ಹುಳ ಎಳೆ ಚಿಗುರಿನ ರಸ ಹೀರುತ್ತಾ ಮರದಿಂದ ಮರಕ್ಕೆ ಅದನ್ನು ದಾಟಿಸುತ್ತದೆ. ಬಂದ ಮರಕ್ಕೆ ಇವತ್ತಿಗೂ ಔಷಧಿ ಇಲ್ಲ. ಆ ಹುಳಕ್ಕೆ ಕರಿಬೇವೂ ಇಷ್ಟ. ನಮ್ಮ ಬಾವಿ ಪಕ್ಕ ಆಳೆತ್ತರದ ಕರಿಬೇವಿನ ಗಿಡ ಇತ್ತು, ಅದರ ಪಕ್ಕದಲ್ಲೇ ಅಜ್ಜಿಯ ಸಸಿಮಡಿ. ಇದನ್ನು ಓದಿ ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಗ್ರೀನಿಂಗ್ ಒಂದೇ ಅಲ್ಲ. ಗಿಡಹೇನಿನಿಂದ ಹರಡುವ ಟ್ರಿಸ್ಟೆಜಾ ವೈರಸ್ ಇದೆ. ನಮ್ಮ ಮಳೆಗಾಲದಲ್ಲಿ ನೀರು ನಿಂತ ಕಡೆಯೆಲ್ಲ ಬೇರು ಕೊಳೆ ಇದೆ. ಕಾಂಡಕೊರಕ ಇದೆ. ರಾತ್ರಿ ಬಂದು ಹಣ್ಣಿಗೆ ಚುಚ್ಚಿ ರಸ ಹೀರುವ ಪತಂಗ ಇದೆ, ಅದಕ್ಕೆ ಅಜ್ಜ ತೋಟದಲ್ಲಿ ಹೊಗೆ ಹಾಕಿಸುತ್ತಿದ್ದರು. ಮಂಗ, ಆನೆ ಬೇರೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಭಾಗದಲ್ಲಿ ಗುಡ್ಡ ಜಾರಿದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಮೇಲಿನ ಇಳಿಜಾರೂ ಜಾರಿತು, ಅದರ ಜೊತೆ ಐದು ಕಿತ್ತಳೆ ಮರ ಹೋದವು.

ಆದರೆ ಕೈಯಾರೆ ಕಡಿದದ್ದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 1992ರ ನಂತರ ಬೆಳೆಗಾರರಿಗೆ ಕಾಫಿಯ ಒಂದು ಪಾಲನ್ನು ತಾವೇ ಮಾರಲು ಬಿಟ್ಟರು, 1996ಕ್ಕೆ ಪೂರ್ತಿ ಮುಕ್ತ ಆಯಿತು. ಮಧ್ಯೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಗಿ ಇಲ್ಲಿ ದರ ಒಂದೇ ಸಮ ಏರಿತು. ಆ ಎರಡು ಮೂರು ವರ್ಷ ಇಡೀ ಮಲೆನಾಡೇ ಕಾಫಿ ಕಾಫಿ ಅನ್ನುತ್ತಿತ್ತು. ಅಪ್ಪ ರೋಗದ ಮರಗಳ ಜೊತೆ, ಅರ್ಧ ಚೆನ್ನಾಗಿದ್ದ ಮರಗಳನ್ನೂ ಕಡಿಸಿ, ಆ ಜಾಗಕ್ಕೆ ಕಾಫಿ ತುಂಬಿ, ಸಿಲ್ವರ್ ಓಕ್ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿದರು. ಅವರನ್ನು ನಾನು ದೂರುವುದಿಲ್ಲ. ಆಗ ನಾವು ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದೆವು, ಕೈಗೆ ಸಿಗುತ್ತಿದ್ದದ್ದು ಕಾಫಿ ದುಡ್ಡೇ. ಆಮೇಲೆ 2000ದ ಹೊತ್ತಿಗೆ ಕಾಫಿ ದರ ನೆಲಕಚ್ಚಿದಾಗ, ಬಟವಾಡೆಗೆ ಅಮ್ಮನ ಬಳೆ ಅಡವಿಟ್ಟ ದಿನ, ಅಪ್ಪ ಕಣದ ಕಟ್ಟೆ ಮೇಲೆ ಕೂತು ಕತ್ತಲಾದರೂ ಒಳಗೆ ಬರಲಿಲ್ಲ. "ಕಿತ್ತಳೆ ಇದ್ದಿದ್ರೆ" ಅಂತ ಅಷ್ಟೇ ಅಂದರು.

ಆಮೇಲೆ ಅವರು ಮತ್ತೆ ಕಿತ್ತಳೆ ಹಾಕಲು ಹೊರಟರು. ಅಜ್ಜಿ ಆಗ ಹಾಸಿಗೆ ಹಿಡಿದಿದ್ದರು, ಸಸಿಮಡಿ ಮಾಡುವವರು ಇರಲಿಲ್ಲ. ಹೊರಗಿನ ಒಂದು ನರ್ಸರಿಯಿಂದ 200 ಕಸಿ ಗಿಡ ತಂದರು. ಊರಿನ ಕಿತ್ತಳೆಯದೇ ಕಸಿ, ನಾಲ್ಕೈದು ವರ್ಷಕ್ಕೆ ಫಸಲು ಅಂದಿದ್ದರಂತೆ. ನೆಟ್ಟ ಎರಡನೇ ವರ್ಷಕ್ಕೇ ಕೆಲವು ಹಳದಿ ಆದವು. ಉಳಿದವು ಐದನೇ ವರ್ಷ ಕಾಯಿ ಬಿಟ್ಟಾಗ ನೋಡಿದರೆ ಅದು ನಮ್ಮ ಕಿತ್ತಳೆಯೇ ಅಲ್ಲ, ನಾಗಪುರದ ತಳಿ. ನಾಗಪುರದ ಹಣ್ಣು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದರ ಸಿಹಿ ಅದಕ್ಕೆ. ಆದರೆ ಅದು ಬೇರೆ ಬಿಸಿಲು, ಬೇರೆ ಮಣ್ಣಿನದು. ನಮ್ಮ ಮಳೆಯಲ್ಲಿ ಅದರ ಬೇರು ತಡೆಯಲಿಲ್ಲ. ಎಂಟು ವರ್ಷದಲ್ಲಿ 200ರಲ್ಲಿ ಒಂದೂ ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಕಸಿಗೆ ಕಟ್ಟುವ ಕಣ್ಣಿನ (ಮೊಗ್ಗಿನ) ಜೊತೆ ರೋಗವೂ ಬರುತ್ತದೆ. ಆ ಗಿಡಗಳು ಬಂದ ಮೇಲೆ ಹಳೆ ಮರಗಳು ಇನ್ನೂ ಬೇಗ ಬೇಗ ಸಾಯತೊಡಗಿದವು. ಅಪ್ಪ ಕೊನೆಯವರೆಗೂ ಇದನ್ನೇ ನೆನೆದು ನೆನೆದು ಸೊರಗಿದರು. ಗಿಡ ತರುವಾಗ ಅದರ ತಾಯಿ ಯಾವುದು, ಪರೀಕ್ಷೆ ಆಗಿದೆಯಾ ಅಂತ ಕೇಳುವ ಒಂದು ವ್ಯವಸ್ಥೆ ಇದ್ದಿದ್ದರೆ ಅಪ್ಪನಿಗೆ ಆ ನೋವು ಇರುತ್ತಿರಲಿಲ್ಲ.

ಈಗ ಉಳಿದಿರುವ 14 ಮರ ಹಲಸಿನ ಕಟ್ಟೆಯ ಆಚೆ, ನೀರು ನಿಲ್ಲದ ಇಳಿಜಾರಿನಲ್ಲಿವೆ. ಅವು ಹೇಗೆ ಉಳಿದವು ಅನ್ನುವುದನ್ನು ನೀವೇ ಬಂದು ನೋಡಿ ಹೇಳಬೇಕು. ಜಾಗದ ಗುಣವೋ, ದೂರದಲ್ಲಿರುವುದಕ್ಕೋ, ಆ ಮರಗಳಿಗೇ ತಡೆಯುವ ಶಕ್ತಿ ಇದೆಯೋ. ಪ್ರತಿ ಮಳೆಗಾಲದ ಮೊದಲು ಬುಡಕ್ಕೆ ಮೈಲುತುತ್ತ ಸುಣ್ಣ ಬಳಿಸುತ್ತೇನೆ, ಬಸಿಗಾಲುವೆ ತೆಗೆಸುತ್ತೇನೆ, ಒಣ ಕೊಂಬೆ ಕಡಿಸುತ್ತೇನೆ. ನನ್ನ ಕೈಯಲ್ಲಿ ಆಗುವುದು ಇಷ್ಟೇ.

ನಾನು ಸುಮ್ನೆ ಕೂತಿಲ್ಲ. ಎರಡು ವರ್ಷದ ಹಿಂದೆ ಒಂದು ಕಚೇರಿಗೆ ಹೋಗಿ ಈ ಮರಗಳ ವಿಷಯ ಹೇಳಿದೆ. ಪಹಣಿ ನೋಡಿದರು. ಅದರಲ್ಲಿ ಕಾಫಿ ಅಂತ ಒಂದೇ ಪದ. "ಕಿತ್ತಳೆ ಎಲ್ಲಿದೆ ಇದ್ರಲ್ಲಿ? 14 ಮರಕ್ಕೆ ಯಾರು ಬರ್ತಾರಮ್ಮ" ಅಂದರು. ಅವರು ಕೆಟ್ಟವರಲ್ಲ, ಚಹಾ ಕೊಟ್ಟು ಕೂರಿಸಿ ಮಾತಾಡಿಸಿದರು. ಆದರೆ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಫಸಲಿನ ಲೆಕ್ಕಕ್ಕೆ 14 ಮರ ಏನೂ ಅಲ್ಲ. ತಾಯಿ ಮರದ ಲೆಕ್ಕಕ್ಕೆ ಒಂದು ಮರವೂ ಸಾಕು, ಒಂದು ಒಳ್ಳೆ ಮರದಿಂದ ಸಾವಿರಾರು ಸಸಿ ಮಾಡಬಹುದು. ಎಷ್ಟು ಎಕರೆ ಅಂತ ನೋಡಿ ಬೆಳೆ ಎಣಿಸಿದರೆ ತೋಟದ ಮೂಲೆಯಲ್ಲಿ ನಿಂತ ಮರ ಯಾವ ಕಾಗದದಲ್ಲೂ ಬರುವುದಿಲ್ಲ.

2006ರಲ್ಲಿ ಕೊಡಗಿನ ಕಿತ್ತಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಬಹಳ ಒಳ್ಳೆ ಕೆಲಸ. ಕೊಡಗಿನ ಚೆಟ್ಟಳ್ಳಿಯಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರ ಇದೆ, ಈ ಕಿತ್ತಳೆ ಬಗ್ಗೆ ಅಲ್ಲಿ ಕೆಲಸ ನಡೆದಿದೆ. ನಮ್ಮ ಮೂಡಿಗೆರೆಯಲ್ಲೇ ತೋಟಗಾರಿಕಾ ಕಾಲೇಜು ಇದೆ, ಸಂಶೋಧನಾ ಕೇಂದ್ರ ಇದೆ. ನಾಗಪುರದಲ್ಲಿ ಕಿತ್ತಳೆ ನಿಂಬೆ ಜಾತಿಗೇ ಅಂತ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ, ಸೂಕ್ಷ್ಮದರ್ಶಕದ ಕೆಳಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಚಿಗುರಿನ ತುದಿ ತೆಗೆದು ಕಸಿ ಕಟ್ಟಿ ರೋಗವಿಲ್ಲದ ಗಿಡ ಮಾಡುವ ವಿದ್ಯೆ ಅಲ್ಲಿದೆ. ಅಂದರೆ ಬೇಕಾದ ತಿಳಿವಳಿಕೆ ನಮ್ಮ ದೇಶದಲ್ಲಿ, ಅರ್ಧ ನಮ್ಮ ತಾಲೂಕಿನಲ್ಲೇ ಇದೆ. ಆ ವಿದ್ಯೆ ಇರುವವರೂ ಈ ಮರಗಳೂ ಇನ್ನೂ ಒಂದು ಸಲವೂ ಎದುರಾಗಿಲ್ಲ.

ನಾನು ಕೇಳುವುದು ಇಷ್ಟು. ಮೊದಲು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ತೋಟಗಳಲ್ಲಿ ಉಳಿದಿರುವ ಹಳೆ ಬೀಜದ ಕಿತ್ತಳೆ ಮರಗಳನ್ನು ಪಟ್ಟಿ ಮಾಡಿ, ಒಂದೇ ಮರ ಇದ್ದರೂ ಬರೆದುಕೊಳ್ಳಿ. ಬೆಳೆ ಸಮೀಕ್ಷೆಗೆ ಬರುವವರಿಗೆ ಕಾಫಿ ನಡುವಿನ ಕಿತ್ತಳೆಯನ್ನೂ ಬರೆದುಕೊಳ್ಳಲು ಹೇಳಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಮೇಲೆ ಎಲೆ ಪರೀಕ್ಷೆ. ಕೊರೊನಾ ಕಾಲದಲ್ಲಿ ನಮಗೆಲ್ಲ ಮಾಡಿದ ಪಿಸಿಆರ್ ತರದ ಪರೀಕ್ಷೆಯೇ ಗ್ರೀನಿಂಗ್‌ಗೂ ಇದೆ, ಎಲೆಯ ನಡುದಿಂಡಿನಿಂದ ಮಾಡುತ್ತಾರೆ. ರೋಗ ಇಲ್ಲದ ಮರ ಸಿಕ್ಕರೆ ಅದರಿಂದ ಕಣ್ಣು ತೆಗೆದು, ಬೇರು ಕೊಳೆ ತಡೆಯುವ ಬೇರುಸಸಿಗೆ (ಕಸಿಯ ಕೆಳಭಾಗವಾಗುವ ಗಿಡಕ್ಕೆ) ಕಸಿ ಮಾಡಿ, ಹುಳ ನುಗ್ಗದ ಸಣ್ಣ ಬಲೆಯ ಮನೆಯೊಳಗೆ ಬೆಳೆಸಿ ಕೊಡಿ. ರೋಗ ಇರುವ ಮರ ಆದರೂ ಬಿಡಬೇಡಿ. ಗ್ರೀನಿಂಗ್ ಆಗಲಿ ಟ್ರಿಸ್ಟೆಜಾ ಆಗಲಿ ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ. ತಾಯಿ ಕಾಯಿಲೆ ಬಿದ್ದಿದ್ದರೂ ಅದರ ಬೀಜದ ಸಸಿ ಶುದ್ಧವಾಗಿ ಹುಟ್ಟಬಹುದು, ಹುಟ್ಟಿದ ಮೇಲೆ ಹುಳದಿಂದ ಕಾಯಬೇಕು ಅಷ್ಟೇ. ಅಜ್ಜಿಯ ಸಸಿಮಡಿಗೆ ಬೇಕಿದ್ದದ್ದು ಒಂದು ಬಲೆ, ಅದರ ವಿಷಯ ನಮಗೆ ಗೊತ್ತಿರಲಿಲ್ಲ.

ಕಸಿ ಗಿಡ ಮಾರುವ ಪ್ರತಿ ನರ್ಸರಿಯೂ ಆ ಗಿಡದ ತಾಯಿ ಮರ ಎಲ್ಲಿಯದು, ಪರೀಕ್ಷೆ ಯಾವಾಗ ಆಯಿತು ಅಂತ ಒಂದು ಚೀಟಿ ಕೊಡಲೇಬೇಕು ಅನ್ನುವುದನ್ನು ಗಟ್ಟಿ ಮಾಡಿ. ಹಸು ಕೊಳ್ಳುವಾಗ ಎಷ್ಟು ಕೇಳುತ್ತೇವೆ, ಹತ್ತಾರು ವರ್ಷ ನಿಲ್ಲುವ ಮರಕ್ಕೆ ಅಷ್ಟಾದರೂ ಬೇಡವಾ?

ಇನ್ನು ತೋಟದವರಿಗೆ ಎರಡು ಮಾತು. ನಮ್ಮ ಸುತ್ತಿನ ತೋಟಗಳಲ್ಲಿ ಒಬ್ಬರ ಹತ್ತಿರ ಮೂರು ಮರ, ಒಬ್ಬರ ಹತ್ತಿರ ಎಂಟು, ಇನ್ನೊಬ್ಬರ ಮನೆ ಹಿಂದೆ ಒಂದೇ ಒಂದು ಇದೆ. ಹಾನುಬಾಳು ಕಡೆಯ ನೆಂಟರ ತೋಟದಲ್ಲಿ ನಮ್ಮಲ್ಲಿರುವುದಕ್ಕಿಂತ ಹಳೆಯದೊಂದು ಮರ ನೋಡಿದೆ, ಬುಡವನ್ನು ಇಬ್ಬರು ತಬ್ಬಬೇಕು. ಹೊಸ ಕಾಫಿ ತುಂಬುವಾಗ, ಮರ ಕಪಾತು ಮಾಡಿಸುವಾಗ ಇವನ್ನು ಕಡಿಸಬೇಡಿ. ನೆರಳು ತೆಗೆದು ಸ್ವಲ್ಪ ಬಿಸಿಲು ಬಿಡಿ, ಬುಡ ಅಗೆಯಬೇಡಿ, ನೀರು ನಿಲ್ಲಲು ಬಿಡಬೇಡಿ. ಹಣ್ಣು ಮಂಗಕ್ಕೆ ಹೋದರೂ ಹೋಗಲಿ, ನಾಲ್ಕು ಹಣ್ಣಿನ ಬೀಜ ಮಾತ್ರ ಎತ್ತಿಡಿ. ನಿಮ್ಮ ಮನೆಯಲ್ಲಿ ವಯಸ್ಸಾದ ಹೆಂಗಸರು ಇದ್ದರೆ ಯಾವ ಮರ ಒಳ್ಳೆಯದಿತ್ತು ಅಂತ ಕೇಳಿ ಬರೆದಿಡಿ. ನಮ್ಮಲ್ಲಿ ಗಂಡಸರಿಗೆ ದರ ನೆನಪಿತ್ತು, ಮರ ನೆನಪಿದ್ದದ್ದು ಅಜ್ಜಿಗೆ, ಅಮ್ಮನಿಗೆ.

ಅಮ್ಮನಿಗೆ ಈಗ 78. ಮಂಡಿ ನೋವು, ಆ ಇಳಿಜಾರಿಗೆ ಹೋಗುವುದಕ್ಕೆ ಆಗುವುದಿಲ್ಲ. ಆದರೆ ಪ್ರತಿ ಡಿಸೆಂಬರ್‌ನಲ್ಲಿ ಮೊದಲ ಬುಟ್ಟಿ ಅಡಿಗೆಮನೆಗೆ ಬರಬೇಕು. ಸಿಪ್ಪೆ ಸಣ್ಣಗೆ ಹೆಚ್ಚಿ, ಹುಣಸೆ ಬೆಲ್ಲ ಹಾಕಿ ಗೊಜ್ಜು ಮಾಡಿ, ನೆಂಟರಿಗೆಲ್ಲ ಡಬ್ಬಿ ಕಟ್ಟಿ ಕಳಿಸುತ್ತಾರೆ. ಪೇಟೆ ಕಿತ್ತಳೆಯ ಸಿಪ್ಪೆಯಲ್ಲಿ ಆ ಕಹಿ, ಆ ಘಮ ಎರಡೂ ಇರುವುದಿಲ್ಲ ಅನ್ನುತ್ತಾರೆ. ಹೋದ ಸಲ ಮೂರು ಡಬ್ಬಿ ಆಯಿತು, ಮೊದಲು ಎಷ್ಟು ಆಗುತ್ತಿತ್ತು ಅಂತ ಅವರು ಲೆಕ್ಕ ಹೇಳಲಿಲ್ಲ.

ಈ ವರ್ಷ ನಾನೂ ಅಜ್ಜಿಯ ಹಾಗೆ ನಾಲ್ಕು ಮರಕ್ಕೆ ಸುಣ್ಣದ ಗೆರೆ ಎಳೆದಿದ್ದೇನೆ. ಹಳೆಯ ಸೊಳ್ಳೆಪರದೆ ಹೊಲಿದು ಬಿದಿರು ಗಳುವಿನ ಮೇಲೆ ಕಟ್ಟಿ ಒಂದು ಸಣ್ಣ ಸಸಿಮಡಿ ಮಾಡಿಟ್ಟಿದ್ದೇನೆ. ಕರಿಬೇವನ್ನು ಅಲ್ಲಿಂದ ತೆಗೆಸಿದೆ. ಆದರೆ ಅಜ್ಜಿಯ ಕಣ್ಣು ನನಗಿಲ್ಲ, ನಿಮ್ಮ ಪ್ರಯೋಗಾಲಯವೂ ನನ್ನ ಹತ್ತಿರ ಇಲ್ಲ.

ಡಿಸೆಂಬರ್ ಎರಡನೇ ವಾರ ಬಂದರೆ ಒಳ್ಳೆಯದು. ಆಗ ಮಳೆ ಇರುವುದಿಲ್ಲ, ಹಣ್ಣಿನ ಬಣ್ಣ ತಿರುಗಿರುತ್ತದೆ, ಬೀಜ ಬಲಿತಿರುತ್ತದೆ. ಕಣದವರೆಗೆ ಜೀಪು ಬರುತ್ತದೆ, ಅಲ್ಲಿಂದ ಹತ್ತು ನಿಮಿಷ ನಡೆಯಬೇಕು. ಏಣಿ, ಬುಟ್ಟಿ, ಒಂದಿಬ್ಬರು ಆಳು ಎಲ್ಲ ನಾನು ಹೊಂದಿಸಿಡುತ್ತೇನೆ. ಮಧ್ಯಾಹ್ನ ಊಟ ನಮ್ಮ ಮನೆಯಲ್ಲೇ. ಯಾವ ದಿನ ಅಂತ ಮೊದಲೇ ತಿಳಿಸಿದರೆ ಗೆರೆ ಎಳೆದ ಮರಗಳ ಹಣ್ಣನ್ನು ನೀವು ಬರುವವರೆಗೆ ಕೊಯ್ಯಿಸುವುದಿಲ್ಲ.

ಇಂತಿ,
ಗೋಣಿಬೀಡು ಕಡೆಯ ಕಿತ್ತಳೆ ತೋಟದ ಮನೆಯ ಮಗಳು